‘ಇಂಟ್’ಗೆ ಎರಡೇ ಬೈಟ್ ಎಂದು ಇನ್ನೆಷ್ಟು ದಿನ?

ಮಾನ್ಯರೆ,

ಪ್ರೋಗ್ರಾಮಿಂಗ್‌ನ ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ ‘ಇಂಟ್’ ಎಷ್ಟು ಬೈಟ್ (1 ಬೈಟ್ ಎಂದರೆ 8 ಬಿಟ್)? ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಪರೀಕ್ಷೆಗಳಲ್ಲಿ ಒಂದು ಅಂಕಕ್ಕೆ ಈಗಲೂ ಬರುವ ಪ್ರಶ್ನೆ ಇದು. ಎಷ್ಟೋ ಗೈಡುಗಳಲ್ಲಿ ಅಚ್ಚಾಗಿರುವ ಉತ್ತರ 2 ಬೈಟ್, ವ್ಯಾಪ್ತಿ -32,768ರಿಂದ 32,767. ಅದನ್ನೇ ಉರುಹೊಡೆದ ವಿದ್ಯಾರ್ಥಿ ಲ್ಯಾಬಿನ ಕಂಪ್ಯೂಟರಿನಲ್ಲಿ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್ ಹಾಕಿ, ಗಾತ್ರ ಹೇಳುವ ‘ಸೈಜ್‌ಆಫ್’ ಕೇಳಿದರೆ 4 ಎಂದು ಬರುತ್ತದೆ. ತಮಾಷೆಯೆಂದರೆ, ಇಂಟ್‌ಗೆ 2 ಬೈಟ್ ಎಂದು ಹೇಳುವ ಗೈಡಿನಲ್ಲೇ ಮುಂದೆ ವಿಳಾಸದ ಸ್ಟ್ರಕ್ಚರ್ ಬರೆಯುವಾಗ ಪಿನ್‌ಕೋಡನ್ನು ಇಂಟ್‌ನಲ್ಲಿ ಇಟ್ಟಿರುತ್ತಾರೆ. ಆ 2 ಬೈಟಿನಲ್ಲಿ 560001 ಹಿಡಿಸುವುದಾದರೂ ಹೇಗೆ?

2 ಬೈಟ್ ಎಂಬುದು ಸುಳ್ಳಲ್ಲ, ಹಳೆಯದು. ಡಾಸ್ ಮೇಲೆ ಓಡುತ್ತಿದ್ದ 16 ಬಿಟ್‌ನ ಟರ್ಬೊ ಸಿ ಕಂಪೈಲರಿಗೆ ಅದು ಸರಿಯಾದ ಉತ್ತರವಾಗಿತ್ತು. ಸಿ ಭಾಷೆಯ ಮಾನದಂಡವಂತೂ ಇಂಟ್‌ಗೆ ಇಷ್ಟೇ ಗಾತ್ರ ಎಂದು ಯಾವತ್ತೂ ಹೇಳಿಲ್ಲ. ಇದಕ್ಕಿಂತ ಕಡಿಮೆ ಇರಬಾರದು ಎಂದಷ್ಟೇ ಹೇಳುತ್ತದೆ: ಪೂರ್ಣಾಂಕದ ವಿಧಗಳಲ್ಲಿ ಶಾರ್ಟ್ ಮತ್ತು ಇಂಟ್ ಕನಿಷ್ಠ 16 ಬಿಟ್, ಲಾಂಗ್ ಕನಿಷ್ಠ 32, 1999ರ ಮಾನದಂಡದಲ್ಲಿ ಸೇರಿದ ಲಾಂಗ್ ಲಾಂಗ್ ಕನಿಷ್ಠ 64. ಅದಕ್ಕಿಂತ ಮೇಲೆ ಎಷ್ಟು ಎಂಬುದು ಕಂಪೈಲರಿಗೆ ಬಿಟ್ಟದ್ದು. ಹಾಗಾಗಿ 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 8 ಬೈಟ್ ಇದ್ದರೆ 64 ಬಿಟ್ ವಿಂಡೋಸ್‌ನಲ್ಲಿ ಅದೇ ಲಾಂಗ್ 4 ಬೈಟ್. ಲಿನಕ್ಸ್‌ನಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತಪ್ಪು ಲೆಕ್ಕ ಕೊಟ್ಟರೆ ಮೊದಲು ನೋಡಬೇಕಾದ ಜಾಗ ಇದು. ಜಾವಾದಲ್ಲಿ ಈ ರಗಳೆ ಇಲ್ಲ, ಇಂಟ್ ಎಲ್ಲ ಕಡೆಯೂ 4, ಲಾಂಗ್ 8.

ಒಂದು ಅಂಕದ ಪ್ರಶ್ನೆಗೆ ಇಷ್ಟು ತಲೆಬಿಸಿ ಏಕೆ ಎನ್ನಬಹುದು. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಮೊಬೈಲ್ ಸಂಖ್ಯೆಯನ್ನು ಇಂಟ್‌ನಲ್ಲಿ ಓದಿಸುವುದು ಸರ್ವೇಸಾಮಾನ್ಯ. 4 ಬೈಟಿನ ಇಂಟ್ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ನಮ್ಮ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿಗಳವು. ಒಂದೂ ಇದರಲ್ಲಿ ಕೂರುವುದಿಲ್ಲ. ಅನ್‌ಸೈನ್ಡ್ (ಋಣ ಸಂಖ್ಯೆ ಇಲ್ಲದ್ದು) ಮಾಡಿದರೂ ಮಿತಿ 4,29,49,67,295, ಆಗಲೂ ಸಾಲದು. ಲಾಂಗ್ ಲಾಂಗ್‌ನಲ್ಲಿ ಹಿಡಿಸುತ್ತದೆ, ನಿಜ. ಆದರೆ ಕೂಡಿಸುವುದು ಕಳೆಯುವುದು ಏನೂ ಇಲ್ಲದ ಈ ಸಂಖ್ಯೆಯನ್ನು ಅಕ್ಷರಗಳ ಅರೇಯಲ್ಲಿ ಇಡುವುದೇ ಸರಿ. ಹತ್ತು ಅಂಕಿಗೆ 11 ಜಾಗ, ಕೊನೆಯದು ಸಾಲು ಮುಗಿಯಿತೆಂದು ತೋರಿಸುವ ನಲ್ ಅಕ್ಷರಕ್ಕೆ. ಹಣದ ಲೆಕ್ಕವನ್ನು ಪೈಸೆಯಲ್ಲಿ ಇಂಟ್‌ಗೆ ಹಾಕಿದರೆ 2 ಕೋಟಿ 14 ಲಕ್ಷದ ಚಿಲ್ಲರೆ ರೂಪಾಯಿಗೇ ಪಾತ್ರೆ ತುಂಬುತ್ತದೆ.

ತುಂಬಿ ಚೆಲ್ಲಿದ್ದು ಗೊತ್ತಾದರೂ ವಾಸಿಯಿತ್ತು. ಫ್ಯಾಕ್ಟೋರಿಯಲ್ ಪ್ರೋಗ್ರಾಂ ಎಲ್ಲರೂ ಬರೆಯುತ್ತಾರೆ. 12ರ ಫ್ಯಾಕ್ಟೋರಿಯಲ್ (1ರಿಂದ 12ರವರೆಗಿನ ಗುಣಲಬ್ಧ) 47,90,01,600, ಸರಿಯಾಗಿ ಬರುತ್ತದೆ. 13ರದ್ದು 6,22,70,20,800 ಬರಬೇಕು, ಪರದೆಯ ಮೇಲೆ ಸಾಮಾನ್ಯವಾಗಿ 1,93,20,53,504 ಕಾಣುತ್ತದೆ. ಋಣ ಚಿಹ್ನೆ ಇಲ್ಲ, ದೋಷದ ಸಂದೇಶವೂ ಇಲ್ಲ. ನೋಡಿದವರು ಸರಿಯೆಂದೇ ನಂಬುತ್ತಾರೆ. ಇದಕ್ಕಿಂತ ಗಂಭೀರವಾದದ್ದೂ ಇದೆ. ಅನ್‌ಸೈನ್ಡ್ ಆದರೆ ಮಿತಿ ದಾಟಿದಾಗ ಸೊನ್ನೆಯಿಂದ ಮತ್ತೆ ಎಣಿಕೆ ಶುರುವಾಗುತ್ತದೆ ಎಂದು ಮಾನದಂಡ ಖಚಿತವಾಗಿ ಹೇಳುತ್ತದೆ. ಋಣ ಸಂಖ್ಯೆಯನ್ನೂ ಹಿಡಿಯುವ ಸೈನ್ಡ್ ಇಂಟ್ ಮಿತಿ ದಾಟಿದರೆ ಏನಾಗುತ್ತದೆಂದು ಹೇಳುವುದೇ ಇಲ್ಲ. ಹಾಗೆ ಆಗುವುದೇ ಇಲ್ಲ ಎಂದುಕೊಳ್ಳುವ ಅಧಿಕಾರ ಕಂಪೈಲರಿಗಿದೆ. ಆದ್ದರಿಂದ ‘ಎ ಪ್ಲಸ್ 1 ಎಂಬುದು ಎಗಿಂತ ಕಡಿಮೆಯೇ?’ ಎಂದು ಕೂಡಿಸಿದ ಮೇಲೆ ಪರೀಕ್ಷಿಸುವ ಸಾಲನ್ನು ಆಪ್ಟಿಮೈಸೇಷನ್ ವೇಳೆ ಅದು ಕಿತ್ತೇ ಹಾಕಬಹುದು. ಕೂಡಿಸುವ ಮೊದಲೇ ಇಂಟ್‌ನ ಗರಿಷ್ಠ ಬೆಲೆಯಾದ ‘ಇಂಟ್ ಮ್ಯಾಕ್ಸ್’ ಜೊತೆ ಹೋಲಿಸಬೇಕು. ಆ ಬೆಲೆ ‘ಲಿಮಿಟ್ಸ್’ ಹೆಡರ್‌ನಲ್ಲಿ ಸಿಗುತ್ತದೆ.

ಹಾಗಾದರೆ 2 ಬೈಟಿನ ಇಂಟ್ ಸತ್ತೇಹೋಯಿತೆ? ಇಲ್ಲ, ಎಲೆಕ್ಟ್ರಾನಿಕ್ಸ್ ಪ್ರಯೋಗಗಳಿಗೆ ಬಳಸುವ ಪುಟ್ಟ ಆರ್ಡುಯಿನೊ ಊನೊ ಆರ್3 ಬೋರ್ಡಿನಲ್ಲಿ ಇವತ್ತಿಗೂ ಅಷ್ಟೇ. ಒಂದು ನಿಮಿಷ ಕಾಯಲು ಮಿಲಿಸೆಕೆಂಡಿನ ಲೆಕ್ಕದಲ್ಲಿ 60 ಗುಣಿಸು 1000 ಎಂದು ಬರೆದು ಲಾಂಗ್ ಚರಾಕ್ಷರಕ್ಕೆ ಹಾಕಿದರೂ ಅಲ್ಲಿ ಸಿಗುವುದು 60,000 ಅಲ್ಲ, -5,536. ಎಡಗಡೆ ಲಾಂಗ್ ಇದ್ದರೇನು, ಬಲಗಡೆಯ ಎರಡೂ ಇಂಟ್, ಗುಣಾಕಾರವೂ ಇಂಟ್‌ನಲ್ಲೇ ಮುಗಿದಿರುತ್ತದೆ. 1000ದ ಪಕ್ಕ ಒಂದು ‘ಎಲ್’ ಸೇರಿಸಿದರೆ ಸಾಕು. ಬೋರ್ಡ್ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳನ್ನು ಎಣಿಸುವ ಅಲ್ಲಿನ ‘ಮಿಲಿಸ್’ ಕೊಡುವ ಸಮಯವನ್ನು ಇಂಟ್‌ನಲ್ಲಿ ಹಿಡಿದವರ ಪ್ರೋಗ್ರಾಂ 33ನೇ ಸೆಕೆಂಡಿಗೆ ಹುಚ್ಚಾಟ ಶುರುಮಾಡುತ್ತದೆ. ಅನ್‌ಸೈನ್ಡ್ ಲಾಂಗ್‌ನಲ್ಲಿ ಹಿಡಿದರೆ ಸುಮಾರು 49.7 ದಿನ ನಡೆದು ಮತ್ತೆ ಸೊನ್ನೆಗೆ ಬರುತ್ತದೆ.

1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ನಾಶವಾದದ್ದು 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ ಪೂರ್ಣಾಂಕಕ್ಕೆ ತುರುಕಲು ಹೋಗಿ. ಅಲ್ಲಿದ್ದದ್ದು ಅಡಾ ಭಾಷೆ, ಆದರೂ ಪಾಠ ಮಾಡುವಾಗ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಗಾತ್ರ ನಿಖರವಾಗಿ ಇಷ್ಟೇ ಬೇಕು ಎಂದಾಗ ‘ಎಸ್‌ಟಿಡಿ ಇಂಟ್’ ಹೆಡರ್‌ನ 16, 32, 64 ಬಿಟ್‌ಗಳ ಹೆಸರುಗಳನ್ನು ಬಳಸುವುದನ್ನು ಮೊದಲ ಸೆಮಿಸ್ಟರಿನಲ್ಲೇ ಕಲಿಸಬಹುದು. ಜಿಸಿಸಿಯ ‘ವಾಲ್’, ‘ಎಕ್ಸ್‌ಟ್ರಾ’ ಎಚ್ಚರಿಕೆಗಳನ್ನು ಹಾಕಿಯೇ ಕಂಪೈಲ್ ಮಾಡುವುದನ್ನು ಲ್ಯಾಬಿನಲ್ಲಿ ರೂಢಿ ಮಾಡಿಸಬಹುದು. ಲಾಂಗ್ ಲಾಂಗ್ ಅನ್ನು ಇಂಟ್‌ಗೆ ಮೀಸಲಾದ ‘%ಡಿ’ ಹಾಕಿ ಮುದ್ರಿಸುವ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ವಿನಂತಿ ಇಷ್ಟೇ. ಇಂಟ್ ಎಷ್ಟು ಬೈಟ್ ಎಂದು ಕೇಳಲೇಬೇಕಿದ್ದರೆ ಯಾವ ಕಂಪೈಲರ್, ಯಾವ ಯಂತ್ರ ಎಂಬುದನ್ನು ಪ್ರಶ್ನೆಯಲ್ಲೇ ನಮೂದಿಸಿ. ಅದು ಆಗದಿದ್ದರೆ ‘ಕಂಪೈಲರನ್ನು ಅವಲಂಬಿಸಿದೆ, ಕನಿಷ್ಠ 16 ಬಿಟ್’ ಎಂದು ಬರೆದ ವಿದ್ಯಾರ್ಥಿಗೂ ಆ ಒಂದು ಅಂಕ ಕೊಡಿ.

–ಸಿ ಕಲಿಸುವ ಉಪನ್ಯಾಸಕರು, ದಾವಣಗೆರೆ