ಹರಿಯದೆ ಬಿಟ್ಟ ಟಿಕೆಟ್

ಲಗ್ಗೆರೆ, ಬೆಂಗಳೂರು
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ. ಮದುವೆ ಮುಗೀತು. ನಿಮ್ಮ ಮಾವ ಒಂದು ಸಲವೂ ನಿನ್ನ ಹೆಸರೆತ್ತಲಿಲ್ಲ, ಅಷ್ಟರಲ್ಲೇ ಕೋಪ ಎಷ್ಟಿದೆ ಅಂತ ಗೊತ್ತಾಯ್ತು. ಅಜ್ಜಿ ಮಾತ್ರ ಬಂದೋರನ್ನೆಲ್ಲ ಹಿಡಿದು "ನಮ್ಮ ಹುಡುಗಿ ಮಿಲಿಟ್ರಿ, ರಜ ಕೊಡಲ್ಲ" ಅಂತ ಹೇಳಿದ್ದೇ ಹೇಳಿದ್ದು.

ಗುರುವಾರ ಆಗಿದ್ದು ನಿಂಗೂ ಗೊತ್ತು, ನಂಗೂ ಗೊತ್ತು. ಅದನ್ನ ಮತ್ತೆ ಬರೆಯಲ್ಲ. ಮದುವೆಗೆ ನಿನ್ನ ಉಳಿಸಿಕೊಳ್ಳೋಕೆ ನಾನು ಬರೆಸಿ ತಂದ ಡಾಕ್ಟರ್ ಚೀಟಿ, ನೀನು ಹರಿದೆಸೆದ ಅದರ ಚೂರುಗಳನ್ನ ನಿಮ್ಮಪ್ಪ ಗುಡಿಸಿ ಹಾಕಿದ್ರು. ಕಟ್ಟಿಕೊಟ್ಟಿದ್ದ ಚಪಾತಿ ಸ್ಕೂಟರ್ ಡಿಕ್ಕಿಯಲ್ಲೇ ಸ್ಟೇಷನ್ನಿಂದ ವಾಪಸ್ ಬಂತು. ಪುಣೆವರೆಗೂ ಆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಏನು ತಿಂದ್ಯೋ.

ಹೊಸಿಲು ದಾಟೋವಾಗ ಒಂದು ಮಾತು ಅಂದ್ಯಲ್ಲ, "ನಿಂಗಿದು ಮೊದಲನೇ ಸಲ ಅಲ್ಲ ಬಿಡಮ್ಮ" ಅಂತ. ಈ ಕಾಗದ ಅದಕ್ಕೇ. ಫೋನಲ್ಲಿ ಕೇಳೋಕೆ ಧೈರ್ಯ ಸಾಲಲಿಲ್ಲ. ಯಾವ ಸಲದ ಮಾತು ಅದು? ಸ್ಕೂಲಿಗೆ ಹೊಟ್ಟೆನೋವು ಅಂತ ರಜಾಚೀಟಿ ಬರೆದುಕೊಡ್ತಿದ್ದೆ, ಅದಾ? ಅಥವಾ ಬಸ್ಸಿನ ದಿನವಾ? ಆಗ ನಿಂಗೆ ಏಳು ವರ್ಷ. ನೀನು ಮರೆತಿದ್ದೀಯ ಅಂತಲೇ ನಾನು ಇಷ್ಟು ವರ್ಷ ನೆಮ್ಮದಿಯಾಗಿದ್ದೆ.

ಬೇಸಿಗೆ ರಜ. ಅಜ್ಜಿ ಊರಿಗೆ ಹೋಗಿದ್ರು, ನಿಮ್ಮಪ್ಪನಿಗೆ ಫ್ಯಾಕ್ಟರಿ. ನಿನ್ನನ್ನ ನನ್ನ ಕಂಡಕ್ಟರ್ ಡ್ಯೂಟಿಗೇ ಕರ್ಕೊಂಡು ಹೋಗಿದ್ದೆ. ಬೆಳಗಿನ ಟ್ರಿಪ್, ಮಾರ್ಕೆಟ್ಟಿಂದ ಯಶವಂತಪುರ. ಸೀಟಿ ಊದೋಕೆ ಕೊಡ್ತೀನಿ ಅಂದಿದ್ದೆ, ಅದಕ್ಕೇ ನೀನು ನನ್ನ ಸೀಟಲ್ಲಿ ಅಲ್ಲಾಡದೆ ಕೂತಿದ್ದೆ. ಆ ಟ್ರಿಪ್ಪಲ್ಲಿ ಹೂವಿನೋರೇ ಜಾಸ್ತಿ. ಸೇವಂತಿಗೆ, ಕನಕಾಂಬರ, ಮಂಕರಿಯಿಂದ ನೀರು ತೊಟ್ಟಿಕ್ಕಿ ಬಸ್ಸೆಲ್ಲಾ ರಾಡಿ. ಮಂಕರಿಗೆ ಲಗೇಜ್ ಟಿಕೆಟ್ ಹರೀಬೇಕು. ಹರಿದ್ರೆ ಅವರ ಲಾಭದಲ್ಲಿ ಅಷ್ಟು ಹೋಯ್ತು. ಅದಕ್ಕೊಂದು ಒಳದಾರಿ ಇತ್ತು: ಹತ್ತು ರೂಪಾಯಿ ಕೈಗೆ ತುರುಕೋದು, ಟಿಕೆಟ್ ಕೇಳದೇ ಇರೋದು. ಅವರಿಗೂ ಉಳೀತು, ನಂಗೂ ಉಳೀತು. ಅದಕ್ಕೆ ನಾನು ಸಹಾಯ ಅಂತ ಹೆಸರಿಟ್ಟಿದ್ದೆ.

ಮಲ್ಲೇಶ್ವರಂ ಸರ್ಕಲ್‌ನಲ್ಲಿ ಚೆಕಿಂಗ್‌ನೋರು ಹತ್ತಿದ್ರು. ಒಬ್ಬ ಹೂವಿನಮ್ಮನ ಹತ್ರ ಟಿಕೆಟ್ ಇಲ್ಲ. ಆಕೆ ನನ್ನ ಮುಖ ನೋಡಿದ್ಳು. ನನ್ನ ಬಾಯಿಂದ ತಾನಾಗೇ ಬಂತು: "ಕೊಟ್ಟಿದ್ದೆ ಸಾರ್, ಇಲ್ಲೇ ಇಟ್ಟಿದ್ರು, ನಮ್ಮ ಮಗು ಆಟಕ್ಕೆ ತಗೊಂಡಿರಬೇಕು." ಅವರು ನಿನ್ನ ಮುಂದೆ ಬಗ್ಗಿ ಕೇಳಿದ್ರು, "ಏನ್ ಪುಟ್ಟಿ, ನೀನು ತಗೊಂಡ್ಯಾ?" ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ನೀನು ನನ್ನ ನೋಡಿದೆ, ಅವರನ್ನ ನೋಡಿದೆ, "ಹೂಂ, ಕಿಟಕೀಲಿ ಬಿಸಾಡ್ದೆ" ಅಂದೆ.

ಕಿಟಕಿ ವಿಷಯ ನಾನು ಹೇಳಿಕೊಟ್ಟಿರಲಿಲ್ಲ ಕಣೆ. ಅದು ನೀನೇ ಸೇರಿಸಿದ್ದು. ನಂಗೆ ಇವತ್ತಿಗೂ ಚುಚ್ಚೋದು ಆ ಕಿಟಕಿ.

ಯಾಕೆ ಹಾಗೆ ಮಾಡಿದೆ ಅಂದ್ರೆ ಒಂದು ಕಾರಣ ಇದೆ. ಕಾರಣ ಅಂತೀನೋ ನೆಪ ಅಂತೀನೋ ನೀನೇ ನೋಡು. ಆಗ ನಮ್ಮ ಡಿಪೋದಲ್ಲಿ ಹೆಂಗಸರು ಬೆರಳೆಣಿಕೆ. ಕೊನೇ ಸ್ಟಾಪಿನಲ್ಲಿ ನಮಗೆ ಅಂತ ಒಂದು ಟಾಯ್ಲೆಟ್ ಇರಲಿಲ್ಲ, ಬೆಳಿಗ್ಗೆಯಿಂದ ನೀರೇ ಕುಡೀತಿರಲಿಲ್ಲ. ಚಿಲ್ಲರೆ ಜಗಳ ಆದ್ರೆ ಪ್ಯಾಸೆಂಜರು ನನ್ನ ಬಿಟ್ಟು ಡ್ರೈವರ್ ಹತ್ರ ಹೋಗಿ ನ್ಯಾಯ ಕೇಳೋರು. ಗಂಡಸು ಕಂಡಕ್ಟರ್ ಸಿಕ್ಕಿಬಿದ್ರೆ ಅವನೊಬ್ಬ ಸಿಕ್ಕಿಬಿದ್ದ ಅಷ್ಟೇ. ನಾನು ಸಿಕ್ಕಿಬಿದ್ರೆ "ಲೇಡಿ ಕಂಡಕ್ಟರ್‌ಗಳೇ ಹಿಂಗೆ" ಅಂತಾರೆ. ನನ್ನ ಮೆಮೊ ಎಲ್ಲರ ತಲೆ ಮೇಲೂ ಬೀಳುತ್ತೆ ಅನ್ನೋ ಭಯ. ಆ ಭಯ ಸುಳ್ಳಾಗಿರಲಿಲ್ಲ. ಆದ್ರೆ ಅವತ್ತು ಜೇಬಲ್ಲಿದ್ದ ಹತ್ತು ರೂಪಾಯಿಗೂ ಡಿಪೋ ಹೆಂಗಸರ ಮಾನಕ್ಕೂ ಏನು ಸಂಬಂಧ, ಅಲ್ವಾ?

ಅದೇ ಭಾರ ಈಗ ನಿನ್ನ ಬೆನ್ನ ಮೇಲಿದೆ ಅಂತ ನಂಗೆ ಗೊತ್ತು. ಸುಪ್ರೀಂ ಕೋರ್ಟು 2021ರ ಆಗಸ್ಟಿನಲ್ಲಿ ಹುಡುಗೀರೂ ಮಿಲಿಟ್ರಿ ಆಫೀಸರ್ ತರಬೇತಿಯ ಎನ್‌ಡಿಎ ಅಕಾಡೆಮಿ ಪರೀಕ್ಷೆ ಬರೀಬಹುದು ಅಂದಾಗ ಆ ಪೇಪರ್ ತುಂಡನ್ನ ನೀನು ಕನ್ನಡಿಗೆ ಅಂಟಿಸಿದ್ದೆ. ನಾನು ನಕ್ಕಿದ್ದೆ. 2022ರಲ್ಲಿ ಮೊದಲ ಬ್ಯಾಚು 19 ಹುಡುಗೀರು ಸೇರಿದ್ರು. 2025ರ ಮೇ 30ಕ್ಕೆ ಅವರ ಪರೇಡ್ ನಾನು ಡಿಪೋದಲ್ಲಿ ಮೊಬೈಲಿನಲ್ಲಿ ನೋಡಿದೆ, ಸುತ್ತ ಹತ್ತು ಜನ ಕಂಡಕ್ಟರುಗಳು. ಮುನ್ನೂರಕ್ಕೂ ಮೀರಿದ ಹುಡುಗರ ನಡುವೆ ನಮ್ಮ ಹುಡುಗೀರು ಯಾರು ಅಂತ ಗುರುತು ಹಿಡಿಯೋಕೇ ಆಗಲಿಲ್ಲ, ಹೆಜ್ಜೆ ಅಷ್ಟು ಒಂದೇ ಥರ. ಎಲ್ಲರೂ ಚಪ್ಪಾಳೆ ಹೊಡೆದ್ರು. ಅವತ್ತು 17 ಜನ ಹೊರಗೆ ಬಂದ್ರು. ನಂಗೆ ರಾತ್ರಿಯೆಲ್ಲಾ ಉಳಿದ ಇಬ್ಬರದೇ ಯೋಚನೆ. ಆ ಇಬ್ಬರ ಅಮ್ಮಂದಿರು ಏನು ಮಾಡ್ತಿದ್ದಾರೋ ಅಂತ.

ನಿನ್ನ ಕಾಲಿನ ವಿಷಯ ಇಲ್ಲೇ ಹೇಳಿಬಿಡ್ತೀನಿ. ರಜೇಲಿ ಮೆಟ್ಟಿಲು ಇಳಿಯೋವಾಗ ಬಲಗಾಲು ನೋಡಿ ನೋಡಿ ಊರ್ತಿದ್ದೆ. ಕೇಳಿದ್ರೆ "ಏನಿಲ್ಲಮ್ಮ" ಅಂದೆ. ಇಲ್ಲದ ಜ್ವರಕ್ಕೆ ನಾನು ಚೀಟಿ ತಂದಿದ್ದು ಸುಳ್ಳಾದ್ರೆ, ಇರೋ ನೋವನ್ನ ಇಲ್ಲ ಅಂದಿದ್ದು ಏನು? ಒಬ್ಬಳು ಕುಂಟಿದ್ರೆ ಎಲ್ಲ ಹುಡುಗೀರಿಗೂ ಮಾತು ಬರುತ್ತೆ ಅಂತ ತಾನೇ? ಆ ಲೆಕ್ಕ ನಾನು ಹಾಕಿದ್ದೇ ಕಣೆ, ಅದು ಎಲ್ಲಿಗೆ ಕರ್ಕೊಂಡು ಹೋಗುತ್ತೆ ಅಂತ ಮೇಲೆ ಬರೆದಿದ್ದೀನಿ. ಟ್ರೈನಿಂಗಲ್ಲಿ ಪೆಟ್ಟು ಬಿದ್ದು ಮನೆಗೆ ಬಂದ ಮಕ್ಕಳಿಗೆ ಮಾಜಿ ಸೈನಿಕರು ಅನ್ನೋ ಹೆಸರೂ ಸಿಗಲ್ವಂತೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗೇ ಆ ಕೇಸು ಎತ್ತಿಕೊಂಡಿತು, ನಮ್ಮ ಕರ್ನಾಟಕದವರೇ ಆದ ನಾಗರತ್ನ ಮೇಡಂ ಅವರ ಪೀಠ. ಪೇಪರಲ್ಲಿ ಓದಿದ ದಿನ ಊಟ ಸೇರಲಿಲ್ಲ. ನಾಳೆಯೇ ಹೋಗಿ ಅಲ್ಲಿನ ಡಾಕ್ಟರಿಗೆ ಕಾಲು ತೋರಿಸು. ನಿಜವಾದ ಚೀಟಿ ತಗೊ.

ಆ ಬಸ್ಸಿಗೇ ಬರ್ತೀನಿ, ಹೇಳೋದು ಇನ್ನೂ ಇದೆ.

ಆ ಚೆಕಿಂಗ್‌ನೋರಿಗೆ ಎಲ್ಲ ಗೊತ್ತಾಗಿತ್ತು. ಟಿಕೆಟ್ ನಂಬರು ಬರೆಯೋ ವೇ ಬಿಲ್ ಕೈಯಲ್ಲೇ ಇತ್ತು, ನಂಬರು ನೋಡಿದ್ರೆ ಎರಡು ನಿಮಿಷದ ಕೆಲಸ. ನೋಡಲಿಲ್ಲ. ಇಳಿಯೋವಾಗ ಫುಟ್‌ಬೋರ್ಡ್ ಮೇಲೆ ನಿಂತು ನಂಗೊಬ್ಬಳಿಗೇ ಕೇಳೋ ಹಾಗೆ "ಮಗು ಮುಂದೆ ಬೇಡಮ್ಮ" ಅಂದ್ರು, ಅಷ್ಟೇ. ನನ್ನ ಮಾನ ಉಳಿಸಿದ್ರು. ಎಷ್ಟೋ ದಿನ ಅವರನ್ನ ದೇವರು ಅಂದ್ಕೊಂಡಿದ್ದೆ. ಈಗೀಗ ಬೇರೆ ಅನ್ಸುತ್ತೆ. ಅವರು ಅವತ್ತೇ ಕೇಸ್ ಬರೆದಿದ್ರೆ ನಾನು ಅವತ್ತೇ ಆ ಚಾಳಿ ಬಿಡ್ತಿದ್ನೇನೋ. ಬಿಟ್ಟೆ ಅಂತ ನಿಂಗೆ ಬರೆಯೋಕೆ ಆಸೆ, ಆದ್ರೆ ಒಂದೇ ಸಲಕ್ಕೆ ಬಿಡಲಿಲ್ಲ. ಇನ್ನೂ ಒಂದು ವರ್ಷ ಹಿಡೀತು. ನೀನು ಆಫೀಸರ್ ಆಗೋಳು, ನೀನು ಹೇಳು, ಅವರು ಮಾಡಿದ್ದು ಸರಿಯಾ?

ಬುದ್ಧಿ ಹೇಳೋ ಯೋಗ್ಯತೆ ಈ ಕಾಗದದಲ್ಲಿ ನಂಗಿಲ್ಲ. ಆದ್ರೂ ಹೇಳ್ತೀನಿ. ಚೀಟಿ ಬೇಡ ಅಂದಿದ್ದು ಸರಿ. ಅಷ್ಟು ನೆಂಟರ ಮುಂದೆ ಹರಿದು ಎಸೆದಿದ್ದು ನಂಗೆ ಇನ್ನೂ ಸರಿ ಕಾಣಲ್ಲ. ಇನ್ನೊಂದು ವರ್ಷಕ್ಕೆ ಅಲ್ಲಿಂದ ಹೊರಬರ್ತೀಯ, ಡೆಹ್ರಾಡೂನ್‌ನ ಮಿಲಿಟ್ರಿ ಅಕಾಡೆಮೀಲಿ ಒಂದು ವರ್ಷ, ಆಮೇಲೆ ನಿನ್ನ ಕೈಕೆಳಗೆ ಮೂವತ್ತು ಜನ. ನಿನ್ನ ಅಪ್ಪನ ವಯಸ್ಸಿನ ಸುಬೇದಾರ್ ಎದ್ದು ನಿಂತು ಸೆಲ್ಯೂಟ್ ಹೊಡೀತಾರೆ. ಅವರಲ್ಲಿ ಯಾವನೋ ಒಬ್ಬ ಹೆಂಡತಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ರಜ ಕೇಳ್ತಾನೆ. ಅವನ ಚೀಟೀನೂ ಎಲ್ಲರೆದುರು ಹರೀತೀಯಾ? ಆ ಚೆಕಿಂಗ್‌ನೋರ ಥರ ಬಿಟ್ಟುಬಿಡ್ತೀಯಾ? ಎರಡರ ಮಧ್ಯೆ ಎಲ್ಲೋ ಒಂದು ದಾರಿ ಇರಬೇಕು. ಇಷ್ಟು ವರ್ಷ ಸರ್ವೀಸಾದ್ರೂ ನಂಗೆ ಸಿಕ್ಕಿಲ್ಲ.

ಇನ್ನೊಂದು. ಬಸ್ಸಲ್ಲಿ "ಒಳಗಡೆ ಹೋಗಿ, ಒಳಗಡೆ ಹೋಗಿ" ಅಂತ ಬಾಗಿಲಲ್ಲಿ ನಿಂತು ಕಿರುಚಿದ್ರೆ ಯಾರೂ ಕದಲಲ್ಲ. ನಾನೇ ಜನರ ಮಧ್ಯೆ ನುಗ್ಗಿ ಒಳಗೆ ಹೋದ್ರೆ ಹಿಂದೇನೇ ಬರ್ತಾರೆ. ಮತ್ತೆ ಭಾಷೆ. ಮೊದಲನೇ ಟರ್ಮಲ್ಲಿ ಹಿಂದಿ ಬರಲ್ಲ, ಎಲ್ಲರೂ ನಗ್ತಾರೆ ಅಂತ ಅತ್ತಿದ್ದೆ. ಈಗ ನಿನ್ನ ಜೂನಿಯರ್ ಮಣಿಪುರದ ಹುಡುಗಿ, ಭೂತಾನಿಂದ ಬಂದ ಹುಡುಗ ಅಂತೆಲ್ಲ ಹೇಳ್ತೀಯ. ಅವರು ತಡವರಿಸಿದಾಗ ನೀನು ನಗಬೇಡ. ನಾನು ಮೆಜೆಸ್ಟಿಕ್‌ನಲ್ಲಿ ತಮಿಳು, ತೆಲುಗು, ಉರ್ದು ಎಲ್ಲ ಕಲಿತಿದ್ದು ಹಾಗೇ, ಚಿಲ್ಲರೆ ಕೊಡೋ ಹೊತ್ತಿಗೆ ಒಂದೊಂದು ಮಾತು. ಅಯ್ಯೋ, ಶುರು ಮಾಡಿದ್ರೆ ನಂಗೆ ನಿಲ್ಲಿಸೋಕೆ ಬರಲ್ಲ.

ಆಫೀಸರ್ ಆಯ್ಕೆ ಮಾಡೋ ಎಸ್‌ಎಸ್‌ಬಿಗೆ ತಯಾರಾಗೋವಾಗ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ಯಲ್ಲ, ಆಫೀಸರ್‌ಗೆ ಇರಬೇಕಾದ 15 ಗುಣ. ಅದು ಇನ್ನೂ ಅಲ್ಲೇ ಇದೆ. ಧೈರ್ಯ, ಜವಾಬ್ದಾರಿ, ಸಹಕಾರ, ಬೇಗ ನಿರ್ಧಾರ ಮಾಡೋದು, ಲವಲವಿಕೆ. ನೀನು ಮಲಗಿದ ಮೇಲೆ ನಾನು ಅದನ್ನ ಬೆರಳಿಟ್ಟು ಓದಿದ್ದೆ. ಪ್ರಾಮಾಣಿಕತೆ ಅಂತ ಬೇರೆಯಾಗಿ ಎಲ್ಲೂ ಬರೆದಿರಲಿಲ್ಲ. ನಾಚಿಕೆ ಬಿಟ್ಟು ಹೇಳ್ತೀನಿ, ನಂಗೆ ಸಮಾಧಾನ ಆಯ್ತು. ಅದನ್ನ ಕೇಳಲ್ಲ, ಹಾಗಾದ್ರೆ ನನ್ನ ಮಗಳು ಪಾಸಾಗ್ತಾಳೆ ಅಂತ. ಆಮೇಲೆ ನೀನು ಐದು ದಿನ ಮುಗಿಸಿಕೊಂಡು ಬಂದು ಹೇಳಿದೆ, ಪರದೆ ಮೇಲೆ 60 ಪದ ಒಂದೊಂದಾಗಿ ತೋರಿಸ್ತಾರೆ, ಒಂದೊಂದಕ್ಕೆ 15 ಸೆಕೆಂಡು, ಮನಸ್ಸಿಗೆ ಬಂದ ವಾಕ್ಯ ಬರೀಬೇಕು, ಯೋಚನೆ ಮಾಡೋಕೆ ಟೈಮೇ ಇರಲ್ಲ ಅಂತ. ಅವತ್ತಿಂದ ಒಂದೇ ಭಯ. "ಅಮ್ಮ" ಅನ್ನೋ ಪದ ಬಂದಿತ್ತಾ? ಬಂದಿದ್ರೆ ಏನು ಬರೆದೆ? ಕೇಳಲಿಲ್ಲ. ಈಗಲೂ ಕೇಳಲ್ಲ.

ನಿನ್ನನ್ನ ಬಿಡೋಕೆ ಖಡಕ್‌ವಾಸ್ಲಾದ ಅಕಾಡೆಮಿಗೆ ಬಂದ ದಿನ ನೀನು ಸುಡಾನ್ ಬ್ಲಾಕಿನ ಗುಮ್ಮಟ ತೋರಿಸಿ ಹೇಳಿದ್ದೆ, ಯುದ್ಧದಲ್ಲಿ ಸತ್ತ ನಮ್ಮ ಸಿಪಾಯಿಗಳ ನೆನಪಿಗೆ ಅಂತ ಸುಡಾನಿನೋರು 1941ರಲ್ಲಿ ಒಂದು ಲಕ್ಷ ಪೌಂಡ್ ಕೊಟ್ಟಿದ್ರು, ದೇಶ ಎರಡಾದಾಗ ನಮ್ಮ ಪಾಲಿಗೆ 70,000 ಬಂತು ಅಂತ. ನಿಮ್ಮಪ್ಪ ಕಟ್ಟಡ ನೋಡ್ತಾ ನಿಂತ್ರು. ನಾನು ಕಂಡಕ್ಟರ್, ನಂಗೆ ಲೆಕ್ಕ ಹಿಡಿಸಿತು. ಅಂಥಾ ಹೊಡೆದಾಟದ ಹೊತ್ತಿನಲ್ಲೂ ಯಾರೋ ಕೂತು ಆ ದುಡ್ಡನ್ನ ಪಾಲು ಮಾಡಿ ಬರೆದಿಟ್ಟಿದ್ದಾರಲ್ಲ, ಅಂತ.

ಕಾರ್ಯಪ್ಪನವರ ಕಥೇನೂ ನೀನೇ ಹೇಳಿದ್ದು. 1965ರಲ್ಲಿ ಮಗನ ವಿಮಾನ ಬಿದ್ದು ಪಾಕಿಸ್ತಾನದವರ ಕೈಗೆ ಸಿಕ್ಕಿದ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಇವರ ಕೈಕೆಳಗೆ ಇದ್ದೋರು, ಬಿಡ್ತೀನಿ ಅಂದ್ರೆ ಇವರು ಬೇಡ ಅಂದ್ರಂತೆ, ಸೆರೆಯಲ್ಲಿರೋರೆಲ್ಲ ನನ್ನ ಮಕ್ಕಳೇ ಅಂತ. ಕೇಳಿದಾಗ ಮೈ ಜುಮ್ ಅಂದಿತ್ತು. ಅಂಥಾ ತಂದೆ ಆಗೋದು ನನ್ನಿಂದ ಆಗಲ್ಲ ಪುಟ್ಟಿ. ನಂಗೆ ಯಾರಾದ್ರೂ ಬಿಡ್ತೀನಿ ಅಂದಿದ್ರೆ ಕಾಲು ಹಿಡಿದು ಕರ್ಕೊಂಡು ಬರ್ತಿದ್ದೆ. ನಾನು ಮೂರು ದಿನದ ಮದುವೆಗೇ ಇನ್ನೂರು ರೂಪಾಯಿ ಕೊಟ್ಟು ಜ್ವರ ಬರೆಸಿದೋಳು.

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ ಆಯ್ತಲ್ಲ, ಆದ್ರೂ ಸೊನ್ನೆ ರೂಪಾಯಿ ಟಿಕೆಟ್ ಕೊಡಲೇಬೇಕು. ಹೋದ ವಾರ ಮಾರ್ಕೆಟ್ಟಲ್ಲಿ ಮಂಕರಿ ಹೊತ್ತ ವಯಸ್ಸಾದೋರೊಬ್ರು ಹತ್ತಿದ್ರು. ಅದೇ ಹೂವಿನಮ್ಮ ಇರಬಹುದು, ಇಲ್ಲದೇನೂ ಇರಬಹುದು. ಆಧಾರ್ ತೋರಿಸಿದ್ರು, ಟಿಕೆಟ್ ಕೊಟ್ಟೆ, ಲಗೇಜಿಗೂ ಕೊಟ್ಟೆ, ಅದಕ್ಕೆ ಗೊಣಗಿಕೊಂಡೇ ದುಡ್ಡು ಕೊಟ್ರು. ಅವತ್ತು ಆಕೆಯನ್ನ ಇಳಿಸಿಬಿಟ್ಟಿದ್ರು, ನಿಂಗೆ ನೆನಪಿದೆಯಾ? ತಾನು ದುಡ್ಡು ಕೊಟ್ಟೆ ಅಂತ ಒಂದು ಮಾತೂ ಆಡದೆ ಮಂಕರಿ ಎತ್ತಿಕೊಂಡು ಇಳಿದುಹೋದ್ಳು.

ಆ ರಾತ್ರಿ ಊಟಕ್ಕೆ ಕೂತಾಗ ನೀನು ಕೇಳಿದೆ: "ಅಮ್ಮಾ, ನಾನು ಟಿಕೆಟ್ ಯಾವಾಗ ಬಿಸಾಡಿದೆ?" ತಮಾಷೆಗೆ ಕೇಳಿದ್ದಲ್ಲ. ನಿಜವಾಗಿ ನೆನಪು ಮಾಡಿಕೊಳ್ತಿದ್ದೆ. ನಾನು "ಸುಮ್ನೆ ಊಟ ಮಾಡು" ಅಂತ ಗದರಿದೆ.

ನೀನು ಬಿಸಾಡಲಿಲ್ಲ ಪುಟ್ಟಿ. ನಾನು ಹರಿದೇ ಇರಲಿಲ್ಲ.

ಮದುವೆಯ ಲಾಡು, ಚಕ್ಕುಲಿ, ಎರಡು ಜೊತೆ ದಪ್ಪ ಸಾಕ್ಸ್ ಪಾರ್ಸಲ್ ಮಾಡಿದ್ದೀನಿ, ಮಣಿಪುರದ ಹುಡುಗಿಗೂ ಕೊಡು. ಮುಂದಿನ ಭಾನುವಾರ ನಂಗೆ ಸೆಕೆಂಡ್ ಶಿಫ್ಟು, ಹನ್ನೊಂದರೊಳಗೆ ಫೋನ್ ಮಾಡು. ಕಾಲಿಗೆ ಏನಂದ್ರು ಅಂತ ಮೊದಲು ಹೇಳು.

ಇಂತಿ,
ಅಮ್ಮ