ಅಜ್ಜಿ ದೇವರ ಹತ್ತಿರ ಕೇಳುತ್ತಿದ್ದದ್ದು

ಪುಟ್ಟಿ,

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೊರಟರು. ನೀನೂ ಪರೀಕ್ಷೆ ಅಂತ ಅದೇ ರಾತ್ರಿ ಬಸ್ಸು ಹತ್ತಿದೆ. ಬಂದವರಲ್ಲಿ ಅರ್ಧ ಜನ ನಿಮ್ಮಜ್ಜಿ ದೊಡ್ಡ ದೈವಭಕ್ತೆ ಅಂದರು. ಇನ್ನರ್ಧ ಜನ ಕ್ರಿಕೆಟ್ ಹುಚ್ಚಿ ಅಂತ ನಕ್ಕರು. ಎರಡಕ್ಕೂ ಸಂಬಂಧವೇ ಇಲ್ಲವೇನೋ ಅನ್ನೋ ಥರ ಮಾತಾಡಿದರು. ನಾನು ಕಂಡ ಅತ್ತೆ ಹಾಗಿರಲಿಲ್ಲ.

ಈ ಮೈಸೂರಿನ ಮನೆಗೆ ಸೊಸೆಯಾಗಿ ಬಂದಾಗ ನನಗೆ ಗೊತ್ತಿದ್ದದ್ದು ಫೋರು, ಸಿಕ್ಸು, ಔಟು, ಅಷ್ಟೇ. ಅತ್ತೆ ಹತ್ತಿರ ಏನು ಮಾತಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. 1996ರ ಅಕ್ಟೋಬರ್‌ನಲ್ಲಿ ಟೈಟನ್ ಕಪ್ ಬಂತು. ಬೆಂಗಳೂರಲ್ಲಿ ಆಸ್ಟ್ರೇಲಿಯಾ ಮೇಲೆ ಮ್ಯಾಚು. ಸಚಿನ್ 88ಕ್ಕೆ ಔಟಾದ, ಇನ್ನೂ 52 ರನ್ ಬೇಕು. ನಿಮ್ಮಪ್ಪ ಬೇಜಾರಾಗಿ ಎದ್ದು ಹೋದರು. ಉಳಿದವರು ಶ್ರೀನಾಥ್, ಕುಂಬ್ಳೆ, ಇಬ್ಬರೂ ಬೌಲರ್‌ಗಳು. ಸ್ಟೇಡಿಯಂನಲ್ಲಿ ಕೂತಿದ್ದ ಅವರ ತಾಯಂದಿರನ್ನು ಟೀವಿಯಲ್ಲಿ ತೋರಿಸುತ್ತಿದ್ದರು. "ನೋಡಮ್ಮ, ಹೊಟ್ಟೆಯೊಳಗೆ ಎಷ್ಟು ಸಂಕಟ ಆಗ್ತಿರಬೇಕು ಅವರಿಗೆ" ಅಂತ ಅತ್ತೆ ನನ್ನ ಕೈ ಹಿಡಿದುಕೊಂಡರು. ಆ ಹುಡುಗರಿಬ್ಬರೂ ಗೆಲ್ಲಿಸುವವರೆಗೂ ಬಿಡಲಿಲ್ಲ. ನಮ್ಮಿಬ್ಬರ ಸ್ನೇಹ ಶುರುವಾಗಿದ್ದು ಅವತ್ತೇ.

ಆಮೇಲೆ ಅಡುಗೆಮನೆಯಲ್ಲೇ ಪಾಠ. ನಿಂಬೆಹಣ್ಣು ಹಿಡಿದು, ಚಿಟಿಕೆ ಹೊಡೆದ ಹಾಗೆ ಬೆರಳ ಸಂದಿಯಿಂದ ಜಾರಿಸಿ, ಇದು ಕುಂಬ್ಳೆ ಹಾಕೋ ಫ್ಲಿಪ್ಪರ್ ಅನ್ನೋ ಬಾಲು ಅಂತ ತೋರಿಸಿದ್ದರು. ಹಣ್ಣು ಒಲೆ ಕೆಳಗೆ ಹೋಯಿತು, ಆ ಮಾತು ಬೇರೆ. ರೇಡಿಯೋ ಕಾಲದ ಕತೆಗಳೂ ಬೇಕಾದಷ್ಟಿದ್ದವು. 1973ರ ನವೆಂಬರ್‌ನಲ್ಲಿ ರಾಜ್ಯದ ಹೆಸರು ಬದಲಾಗಿ, ಮೈಸೂರು ಅಂತ ಆಡುತ್ತಿದ್ದ ತಂಡ ಕರ್ನಾಟಕ ಆಯಿತು. ಅದೇ ಸೀಸನ್‌ನಲ್ಲಿ, ಸತತ ಹದಿನೈದು ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಮನೆಗೆ ಕಳಿಸಿದರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕಪ್ಪೂ ನಮ್ಮದೇ ಆಯಿತು. "ಮೈಸೂರು ಅಂತ ಇದ್ದಾಗಲೇ ಗೆದ್ದಿದ್ದರೆ ಇವರ ಗಂಟೇನು ಹೋಗ್ತಿತ್ತು" ಅಂತ ಅತ್ತೆ ಕೊನೆಯವರೆಗೂ ಗೊಣಗುತ್ತಿದ್ದರು.

ಎಂಥ ಮ್ಯಾಚ್ ಇದ್ದರೂ ಅವರು ಪೂಜೆ ತಪ್ಪಿಸಿದವರಲ್ಲ. ಆದರೆ ಇಂಡಿಯಾ ಗೆಲ್ಲಲಿ ಅಂತ ಬೇಡಿಕೊಂಡಿದ್ದು ನಾನು ನೋಡಿಲ್ಲ. "ಆ ಕಡೆಯವರ ತಾಯೀನೂ ಪ್ರಾರ್ಥನೆ ಮಾಡ್ತಿರ್ತಾಳೆ. ದೇವರಿಗೆ ಯಾಕೆ ಪೇಚಾಟ" ಅನ್ನುತ್ತಿದ್ದರು. ಯಾರಿಗೂ ಪೆಟ್ಟಾಗದಿರಲಿ, ಅವರು ಕೇಳುತ್ತಿದ್ದದ್ದು ಅಷ್ಟೇ.

ಈ ನೇಮ ಒಮ್ಮೆ ಮಾತ್ರ ತಪ್ಪಿತು. 1999ರ ಫೆಬ್ರವರಿ 7, ಭಾನುವಾರ. ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ ಟೆಸ್ಟು. ಒಂದೂ ವಿಕೆಟ್ ಇಲ್ಲದೆ ನೂರು ದಾಟಿದ್ದವರು ಕುಂಬ್ಳೆ ಕೈಗೆ ಸಿಕ್ಕಿ ಒಬ್ಬೊಬ್ಬರಾಗಿ ಹೋಗತೊಡಗಿದರು. ಒಂಬತ್ತು ವಿಕೆಟ್, ಒಂಬತ್ತೂ ಅವನವೇ. ಮುಂದಿನ ಓವರ್ ಶ್ರೀನಾಥಂದು, ಉಳಿದ ಒಂದು ವಿಕೆಟ್ ಅವನು ತೆಗೆದರೆ ಕುಂಬ್ಳೆಗೆ ಹತ್ತು ಆಗುವುದಿಲ್ಲ. ಶ್ರೀನಾಥ್ ನಮ್ಮೂರ ಹುಡುಗ, ಅತ್ತೆಗೆ ಮಗನಿಗಿಂತ ಒಂದು ಕೈ ಜಾಸ್ತಿ. ಆದರೂ ಸೆರಗು ಹಿಡಿದು, ಕಣ್ಣು ಮುಚ್ಚಿ, "ತಾಯಿ ಚಾಮುಂಡಿ, ಇವನಿಗೆ ಮಾತ್ರ ವಿಕೆಟ್ ಕೊಡಬೇಡ" ಅಂದೇಬಿಟ್ಟರು! ಅವನೂ ಬೇಕಂತಲೇ ಚೆಂಡನ್ನು ಆಚೆ ಆಚೆ ಹಾಕಿದ. ಆಮೇಲೆ ವಾಸಿಂ ಅಕ್ರಂ ಔಟಾದ, ಕುಂಬ್ಳೆಗೆ 74 ರನ್ನಿಗೆ ಹತ್ತೂ ವಿಕೆಟ್. ಮನೆಯೆಲ್ಲ ಗದ್ದಲ. ಅತ್ತೆ ಮಾತ್ರ ತಪ್ಪು ಮಾಡಿದ ಮಗುವಿನ ಮುಖ ಮಾಡಿಕೊಂಡು ಕೂತಿದ್ದರು. ಶುಕ್ರವಾರ ಬೆಳಗ್ಗೆ ಮೆಟ್ಟಿಲು ಹತ್ತಿಕೊಂಡೇ ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದರು. ನಾನೂ ಜೊತೆಗೆ ಹೋಗಿದ್ದೆ. ನಂದಿಯ ಹತ್ತಿರ ಸುಧಾರಿಸಿಕೊಳ್ಳುವಾಗ, "ಹತ್ತು ವಿಕೆಟ್ಟಿಗೆ ಈ ಮೆಟ್ಟಿಲು ಜಾಸ್ತಿಯೇನಲ್ಲ, ಅಲ್ವಾ" ಅಂತ ನಕ್ಕರು. ಪಶ್ಚಾತ್ತಾಪ ಅಷ್ಟರಮಟ್ಟಿಗೆ ಇತ್ತು ಅಂತಿಟ್ಟುಕೋ.

2002ರಲ್ಲಿ ಆಂಟಿಗಾದಲ್ಲಿ ಕುಂಬ್ಳೆ ದವಡೆ ಮುರಿದು, ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲಿಂಗಿಗೆ ಬಂದ. ಲಾರಾನನ್ನು ಔಟ್ ಮಾಡಿದಾಗ ಎಲ್ಲರೂ ಕುಣಿದರು. ಅತ್ತೆಗೆ ಕೋಪ ಬಂದಿತ್ತು. "ಆಡೋಕೆ ಬಿಟ್ಟವರು ಯಾರು ಇವನನ್ನ?"

ಹೋದ ಜೂನ್ ನಿನಗೂ ನೆನಪಿರಬೇಕು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಹದಿನೆಂಟನೇ ಸೀಸನ್‌ನಲ್ಲಿ ಕೊನೆಗೂ ಕಪ್ ಎತ್ತಿದಾಗ, ನೀನು ಫೋನಿನಲ್ಲಿ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತ್ತು. ಅಜ್ಜಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಕಾಲ್ತುಳಿತದಲ್ಲಿ 11 ಜನ ಹೋದರು. ಅಜ್ಜಿ ಊಟ ಮಾಡಲಿಲ್ಲ. ನೀನು ಎಲ್ಲಿದ್ದೀಯ ಅಂತ ಫೋನ್ ಮಾಡಿಸಿದ್ದು, ಹಾಸ್ಟೆಲ್‌ನಲ್ಲೇ ಇದ್ದೀನಿ ಅಂದರೂ ನಂಬದೆ ವಿಡಿಯೋ ಕಾಲ್ ಮಾಡಿಸಿದ್ದು ಅದಕ್ಕೇ. ಆ ಮೇಲೆ ಅವರು ಆ ಫೈನಲ್ ಬಗ್ಗೆ ಮಾತೇ ಎತ್ತಲಿಲ್ಲ.

ನೀನು ಕಾಲೇಜ್ ಟೀಮಿಗೆ ಆಡಲು ಶುರು ಮಾಡಿದಾಗಿನಿಂದ ನಿನ್ನದೊಂದು ತಕರಾರಿತ್ತು. "ಅಜ್ಜಿ ನಾನು ಎಷ್ಟು ಹೊಡೆದೆ ಅಂತ ಒಂದು ಸಲಾನೂ ಕೇಳಲ್ಲ. ಬರೀ ಪೆಟ್ಟಾಯ್ತಾ, ಪೆಟ್ಟಾಯ್ತಾ ಅಂತಾರೆ" ಅನ್ನುತ್ತಿದ್ದೆ. ಸ್ಕೋರು ಕೇಳುವ ಅಗತ್ಯ ಅವರಿಗಿರಲಿಲ್ಲ ಪುಟ್ಟಿ. ನಿನ್ನ ಫೋನ್ ಬರುವ ಮೊದಲೇ ನಿಮ್ಮಪ್ಪನನ್ನು ಕಾಡಿ ಎಲ್ಲ ತಿಳಿದುಕೊಂಡಿರುತ್ತಿದ್ದರು. ಎಷ್ಟು ಬಾಲಿಗೆ ಎಷ್ಟು, ಯಾವ ಹೊಡೆತಕ್ಕೆ ಔಟಾದೆ ಅನ್ನೋದೂ ಸೇರಿ.

ನಿನ್ನ,
ಅಮ್ಮ