ಎದುರಿಗೆ ಆಪರೇಟರ್ ಇಲ್ಲದ ಬೋರ್ಡು

ಪ್ರೀತಿಯ ಪುಟ್ಟೀ,

ನಿನ್ನ ಕಾಗದ ಓದಿದೆ. ಪುಟ್ಟ ಲಿನಕ್ಸ್ ಬೋರ್ಡಿಗೆ ಕರೆಂಟ್ ಕೊಟ್ಟರೂ ಸೀರಿಯಲ್ ಕನ್ಸೋಲಿನಲ್ಲಿ (ಬೋರ್ಡು ತಂತಿಯ ಮೂಲಕ ಕಳಿಸುವ ಅಕ್ಷರ ಕಾಣುವ ಪರದೆಯಲ್ಲಿ) ಒಂದಕ್ಷರ ಬರುತ್ತಿಲ್ಲ, ಎರಡು ದಿನದಿಂದ ಲಿನಕ್ಸಿನ ತಿರುಳಾದ ಕರ್ನಲ್ಲಿನ ಸೆಟ್ಟಿಂಗ್ ಬದಲಾಯಿಸುತ್ತಾ ಕೂತಿದ್ದೀಯಂತೆ. ಸದ್ಯಕ್ಕೆ ಕರ್ನಲ್ ಮುಟ್ಟಬೇಡ. ಕರ್ನಲನ್ನು ತಂದು ಎಬ್ಬಿಸುವ ಯು-ಬೂಟ್ ಕೂಡ ಮಾತಾಡಿಲ್ಲ ಅಂದಮೇಲೆ ತೊಂದರೆ ಇನ್ನೂ ಹಿಂದೆಯೇ ಇದೆ, ಅಲ್ವಾ? ಮೊದಲು ಸೀರಿಯಲ್ ತಂತಿ ತಪ್ಪಾಗಿ ಅದಲುಬದಲಾಗಿದೆಯೇ, ವೇಗ ಸೆಕೆಂಡಿಗೆ 115200 ಬಿಟ್‌ಗೇ ಇದೆಯೇ ನೋಡು. ಅವು ಸರಿಯಿದ್ದರೆ ಮುಂದೆ ಓದು.

ನಾನು ಕೆಲಸ ಕಲಿತದ್ದು ದೊಡ್ಡ ಕಂಪ್ಯೂಟರಾದ ಮೇನ್‌ಫ್ರೇಮಿನಲ್ಲಿ. ಅದನ್ನು ಎಬ್ಬಿಸುವುದಕ್ಕೆ ನಾವು ಐಪಿಎಲ್ ಅನ್ನುತ್ತಿದ್ದೆವು, ಇನಿಷಿಯಲ್ ಪ್ರೋಗ್ರಾಂ ಲೋಡ್. ಐಬಿಎಂ 1964ರಲ್ಲಿ ಸಿಸ್ಟಮ್/360 ಪ್ರಕಟಿಸಿದಾಗಿನ ಕ್ರಮ ಇದು. ಯಾವ ಡಿಸ್ಕಿನಿಂದ ಎಂದು ತಿರುಗಿಸುವ ಗುಂಡಿಗಳಲ್ಲಿ ವಿಳಾಸ ಕೂರಿಸಿ ಲೋಡ್ ಒತ್ತಿದರೆ, ಚಾನೆಲ್ (ಡಿಸ್ಕಿನಂಥ ಸಾಧನಗಳಿಂದ ಓದಿ ಬರೆಯುವ ಬೇರೆ ಭಾಗ) ಆ ಸಾಧನದಿಂದ 24 ಬೈಟು ಓದಿ ಮೆಮೊರಿಯ ಸೊನ್ನೆಯ ವಿಳಾಸದಲ್ಲಿ ಇಡುತ್ತದೆ. ಮೊದಲ 8 ಬೈಟು, ಪ್ರೊಸೆಸರ್ ಎಲ್ಲಿಂದ ಶುರುಮಾಡಬೇಕು ಅನ್ನುವುದು. ಉಳಿದ 16, ಮುಂದೆ ಏನು ಓದಬೇಕು ಎಂದು ಚಾನೆಲ್ಲಿಗೆ ಕೊಡುವ ಎರಡು ಆದೇಶ. ಓದು ಮುಗಿಯುವವರೆಗೆ ಪ್ರೊಸೆಸರ್ ಸುಮ್ನೆ ಕಾಯುತ್ತದೆ. ಗುಂಡಿಗಳು ಹೋಗಿ ಪರದೆ ಬಂತು, ಆ 24 ಬೈಟು ಹಾಗೇ ಉಳಿಯಿತು. ನನಗೆ ಅದು ಇವತ್ತಿಗೂ ಬಲು ಚಂದ.

ನಿನ್ನ ಬೋರ್ಡಿನಲ್ಲಿ ಚಾನೆಲ್ ಇಲ್ಲ. ಚಿಪ್ಪಿನೊಳಗೇ ಬರೆದಿಟ್ಟಿರುವ ಪುಟ್ಟ ಪ್ರೋಗ್ರಾಂ, ಬೂಟ್ ರೋಮ್, ಎದ್ದು, ಎಸ್‌ಡಿ ಕಾರ್ಡನ್ನೋ ಫ್ಲ್ಯಾಶನ್ನೋ ಹುಡುಕುತ್ತದೆ. ಆಗಿನ್ನೂ ದೊಡ್ಡ ಮೆಮೊರಿ, ಅಂದರೆ ಡಿರ‍್ಯಾಮ್, ಕೆಲಸಕ್ಕೇ ಬಂದಿರುವುದಿಲ್ಲ. ಚಿಪ್ಪಿನೊಳಗೆ ಇರುವುದು ಪುಟ್ಟ ಮೆಮೊರಿ, ಎಸ್‌ರ‍್ಯಾಮ್. ಅದರಲ್ಲಿ ಹಿಡಿಸುವಷ್ಟೇ ದೊಡ್ಡದಾದ, ಯು-ಬೂಟಿನ ಚಿಕ್ಕ ಮೊದಲ ತುಂಡಾದ ಎಸ್‌ಪಿಎಲ್ ಬರುತ್ತದೆ. ಎಸ್‌ಪಿಎಲ್ ಡಿರ‍್ಯಾಮ್ ಸಿದ್ಧಮಾಡಿ ಯು-ಬೂಟನ್ನು ಕರೆಯುತ್ತದೆ. ಯು-ಬೂಟ್ ಕರ್ನಲನ್ನೂ, ಬೋರ್ಡಿನಲ್ಲಿ ಏನೇನಿದೆ ಎಂದು ಹೇಳುವ ಡಿವೈಸ್ ಟ್ರೀಯನ್ನೂ ತರುತ್ತದೆ. (ಹಳೆಯ ರಾಸ್ಪ್‌ಬೆರಿ ಪೈನಲ್ಲಂತೂ ಮೊದಲು ಏಳುವುದು ಗ್ರಾಫಿಕ್ಸ್ ಭಾಗ, ಮುಖ್ಯ ಪ್ರೊಸೆಸರಾದ ಎಆರ್‌ಎಂ ಆಮೇಲೆ.) ಈ ಸಾಲಿನಲ್ಲಿ ಯಾರವರೆಗೆ ಸರಿಯಾಗಿ ಬಂತು ಅನ್ನುವುದನ್ನೇ ನೀನು ಹುಡುಕಬೇಕು. ಎಸ್‌ಪಿಎಲ್‌ನ ಶುರುವಿನಲ್ಲೇ ಒಂದು ಎಲ್‌ಇಡಿ ಹಚ್ಚು, ಡಿರ‍್ಯಾಮ್ ಮುಗಿದ ಮೇಲೆ ಇನ್ನೊಂದು ಹಚ್ಚು. ಮೊದಲನೆಯದೇ ಹತ್ತಲಿಲ್ಲ ಅಂದರೆ, ಎಲ್ಲಿಂದ ಏಳಬೇಕೆಂದು ಚಿಪ್ಪಿಗೆ ಹೇಳುವ ಬೂಟ್ ಪಿನ್‌ಗಳನ್ನೂ, ಎಸ್‌ಪಿಎಲ್ ಬರೆದ ಜಾಗವನ್ನೂ ನೋಡು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಂದು ರಾತ್ರಿ ನಾನು, ಸಿಸ್ಟಮ್ ಏಳುವಾಗ ಓದುವ ಪ್ಯಾರಾಮೀಟರ್ ಫೈಲಿನ ಒಂದು ಸಾಲು ತಪ್ಪು ಬರೆದು ಐಪಿಎಲ್ ಮಾಡಿದೆ. ಯಂತ್ರ ವೇಟ್ ಸ್ಟೇಟಿಗೆ, ಅಂದರೆ ಏನೂ ಮಾಡದೆ ಕಾಯುವ ಸ್ಥಿತಿಗೆ, ಹೋಗಿ ನಿಂತಿತು. ಕೈ ನಡುಗುತ್ತಿತ್ತು. ಆದರೆ ಪರದೆಯ ಮೇಲೆ ಕೋಡ್ ಇತ್ತು, ಪಕ್ಕದಲ್ಲಿ ಅದರ ಅರ್ಥ ಹೇಳುವ ಪುಸ್ತಕ ಇತ್ತು, ಹಳೆಯ ಸಿಸ್ಟಮ್ ಡಿಸ್ಕ್ ಇತ್ತು. ಅದರ ವಿಳಾಸ ಕೊಟ್ಟು ಮತ್ತೆ ಎಬ್ಬಿಸಿದೆ. ಎಲ್ಲಕ್ಕಿಂತ ಜಾಸ್ತಿಯಾಗಿ, ಅಲ್ಲಿ ಮನುಷ್ಯ ಇದ್ದ.

ನಿನ್ನ ಬೋರ್ಡು ಯಾವುದೋ ಕಂಬದ ಮೇಲಿನ ಪೆಟ್ಟಿಗೆಯೊಳಗೆ ಒಂಟಿಯಾಗಿರುತ್ತದೆ. ಮೇನ್‌ಫ್ರೇಮನ್ನು ಮೊದಲೇ ಯೋಚಿಸಿ, ಹೊತ್ತು ಗೊತ್ತುಮಾಡಿ ಎಬ್ಬಿಸುತ್ತಾರೆ. ಬೋರ್ಡಿನ ಕರೆಂಟ್ ಯಾವಾಗ ಬೇಕಾದರೂ ಹೋಗಬಹುದು, ಅಪ್‌ಡೇಟ್ ಬರೆಯುವ ನಡುವೆಯೂ. ಹಾಗಾಗಿ ನಾನು ಅವತ್ತು ಮಾಡಿದ ಕೆಲಸವನ್ನು ಅದಕ್ಕೆ ನೀನೇ ಮೊದಲೇ ಕಲಿಸಿಡಬೇಕು. ಸಿಸ್ಟಮಿನ ಎರಡು ಪ್ರತಿ ಇಡು. ಬೋರ್ಡು ಸಿಕ್ಕಿಬಿದ್ದರೆ ತಾನೇ ರೀಸೆಟ್ ಮಾಡುವ ವಾಚ್‌ಡಾಗ್ ಹಾಕು. ಯು-ಬೂಟಿನಲ್ಲಿ, ಎಷ್ಟು ಸಲ ಎಬ್ಬಿಸಲು ನೋಡಿತು ಎಂದು ಎಣಿಸುವ ಬೂಟ್‌ಕೌಂಟ್ ಇದೆ, ಬಳಸು. ಎಣಿಕೆ, ನೀನಿಟ್ಟ ಮಿತಿಯಾದ ಬೂಟ್‌ಲಿಮಿಟ್ ದಾಟಿದರೆ ಅದು ಆಲ್ಟ್‌ಬೂಟ್‌ಕಮಾಂಡ್ ಓಡಿಸುತ್ತದೆ, ಅಲ್ಲಿ ಹಳೆಯ ಪ್ರತಿಯನ್ನು ಕರೆ. ಲಿನಕ್ಸ್ ಚೆನ್ನಾಗಿ ಎದ್ದ ಮೇಲೆ ಎಣಿಕೆಯನ್ನು ಸೊನ್ನೆ ಮಾಡುವುದನ್ನು ಮಾತ್ರ ಮರೆಯಬೇಡ. ಮರೆತರೆ ಸರಿಯಿರುವ ಹೊಸ ಪ್ರತಿಯನ್ನೂ ಅದು ಬಿಟ್ಟುಬಿಡುತ್ತದೆ.

ರಾತ್ರಿ ಜಾಸ್ತಿ ಕೂರಬೇಡ. ಯಾವ ಎಲ್‌ಇಡಿ ಹತ್ತಿತು ಅಂತ ನಾಳೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ